ಕೋರೆಯ ಮೀನಿಗೆ ಅಡಿಕೆ ಸಲಾಕೆ

(ಮಾವನದು ಬೆಳ್ತಂಗಡಿ ತಾಲೂಕಿನ ಒಂದು ಅಡಿಕೆ ತೋಟ. ತೋಟದ ತಲೆಯಲ್ಲಿ ಹಳೆಯ ಮದಕ, ಅದರಲ್ಲಿ ಮೀನು. ಅಳಿಯ ಮೂಡುಬಿದಿರೆಯವನು, ಕಲ್ಲು ತೆಗೆದು ಮುಗಿದ ಒಂದು ಮುರಕಲ್ಲಿನ ಕೋರೆ ಅವನ ಜಾಗದಲ್ಲಿ ಉಂಟು. ಮಾತು ನಡೆದದ್ದು ಮಾವನ ಜಗಲಿಯಲ್ಲಿ, ಅಡಿಕೆ ಸುಲಿಯುತ್ತಾ. ಅತ್ತೆ ಒಳಗಿಂದಲೇ ಭಾಗವಹಿಸಿದರು.)

ಅಳಿಯ: ಮಾವ, ನನ್ನ ಕೋರೆಗೆ ಮೀನುಮರಿ ಬಿಟ್ಟದ್ದು ನಿಮಗೆ ಗೊತ್ತುಂಟಲ್ಲ. ಕಾಟ್ಲಾ, ರೋಹು, ಮೃಗಾಲ್ ಮೂರೂ ಬಿಟ್ಟಿದ್ದೇನೆ. ಮೀನು ಇವೆ, ಆದರೆ ಕಾಣುವುದಿಲ್ಲ, ಗಾಳಕ್ಕೂ ಸಿಗುವುದಿಲ್ಲ. ನೀರಿನ ಅಡಿಯಲ್ಲಿ ಏನಾದರೂ ಕಟ್ಟಿ ಇಟ್ಟರೆ ಮೀನು ಅಲ್ಲಿ ಬಂದು ಸೇರುತ್ತದಂತೆ. ಅಮೆರಿಕದಲ್ಲಿ ಕ್ರಿಸ್‌ಮಸ್ ಮುಗಿದ ಮೇಲೆ ಆ ಮರಕ್ಕೇ ಕಲ್ಲು ಕಟ್ಟಿ ಕೆರೆಗೆ ಮುಳುಗಿಸುತ್ತಾರೆ. ಬಕೆಟಿಗೆ ಸಿಮೆಂಟು ತುಂಬಿ, ಪೈಪು ಸಿಕ್ಕಿಸಿ ಇಳಿಸುವವರೂ ಇದ್ದಾರೆ. ಖರ್ಚೇ ಇಲ್ಲದ ಕೆಲಸ. ನಾನೂ ಮಾಡಿದರೆ ಹೇಗೆ?

ಮಾವ: ಮಾಡು. ಮೀನು ಬಂದು ಸೇರುತ್ತದೆ, ಅದರಲ್ಲಿ ಸಂಶಯ ಇಲ್ಲ. ಆದರೆ ಸೇರುವುದು ಬೇರೆ, ಬೆಳೆಯುವುದು ಬೇರೆ. ನಿನಗೆ ಯಾವುದು ಆಗಬೇಕು?

ಅಳಿಯ: ಎರಡೂ.

ಮಾವ: ಹಾಗಾದರೆ ಮೊದಲು ನಿನ್ನ ಕೋರೆ ಎಂತದ್ದು ಅಂತ ನೋಡು. ಯಂತ್ರದಲ್ಲಿ ಕೊಯ್ದ ಕಲ್ಲು, ನಾಲ್ಕೂ ಕಡೆ ನೆಟ್ಟಗೆ ಗೋಡೆ. ಇಳಿಜಾರು ದಡ ಇಲ್ಲ, ದಡದಲ್ಲಿ ಹುಲ್ಲಿಲ್ಲ, ಕೇದಗೆಯ ಬೇರಿಲ್ಲ. ನನ್ನ ಮದಕದಲ್ಲಿ ಒಂದು ಬದಿ ಮೊಣಕಾಲು ನೀರು, ಅಲ್ಲಿ ಜೊಂಡು, ತಾವರೆ, ಬಗ್ಗಿದ ನೇರಳೆ ಮರದ ಗೆಲ್ಲು. ಮರಿಮೀನಿಗೆ ಅಡಗಲಿಕ್ಕೆ ಜಾಗ ಉಂಟು. ನಿನ್ನಲ್ಲಿ ನೀರುಕಾಗೆ ಮುಳುಗಿದರೆ ಮೀನು ಓಡಿ ಹೋಗುವುದಾದರೂ ಎಲ್ಲಿಗೆ?

ಅಳಿಯ: ನೀರುಕಾಗೆ ಸಾಕಷ್ಟು ಬರುತ್ತದೆ. ಗುಂಪಿನಲ್ಲೇ ಬರುತ್ತದೆ.

ಮಾವ: ಬಾರದೆ ಇರುತ್ತದಾ? ಅದಕ್ಕೇ ಹೇಳಿದ್ದು, ಮದಕಕ್ಕೆ ಇಂಥದ್ದೆಲ್ಲ ಬೇಕೇ ಬೇಕು ಅಂತ ಇಲ್ಲ. ಕಲ್ಲಿನ ಕೋರೆಗೆ, ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡಕ್ಕೆ ಬೇಕು. ಇನ್ನೊಂದು ಸಂಗತಿ. ಕೋರೆಯ ನೀರು ಕನ್ನಡಿಯ ಹಾಗೆ ತಿಳಿ ಇರುತ್ತದೆ ಅಂತ ನೀನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೀಯಲ್ಲ, ಅದು ಹೆಮ್ಮೆಯ ವಿಷಯ ಅಲ್ಲ ಮಾರಾಯ. ತಿಳಿನೀರು ಅಂದರೆ ಮೀನಿಗೆ ಊಟ ಇಲ್ಲದ ನೀರು. ಮುರಕಲ್ಲಿನಲ್ಲಿ ಕಬ್ಬಿಣದ ಅಂಶ ಹೆಚ್ಚು, ಅದು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ. ನೀರಿಗೆ ಹುಳಿಗುಣ ಬೇರೆ. ಸುಣ್ಣ ಹಾಕದೆ, ಸ್ವಲ್ಪ ಸೆಗಣಿ ನೀರು ಬಿಡದೆ ಅಲ್ಲಿ ಪಾಚಿಯೇ ಸರಿಯಾಗಿ ಹುಟ್ಟುವುದಿಲ್ಲ. ಬರೇ ಕೊಂಬೆ ಇಳಿಸಿದರೆ ಹಸಿದ ಮೀನುಗಳೆಲ್ಲ ಒಂದು ಕಡೆ ಬಂದು ನಿಲ್ಲುತ್ತವೆ, ಅಷ್ಟೇ.

ಅಳಿಯ: ಅಂದರೆ ಕೊಂಬೆಯಿಂದ ಊಟ ಸಿಗುವುದಿಲ್ಲವಾ?

ಮಾವ: ಕೊಂಬೆಯಿಂದ ಅಲ್ಲ, ಕೊಂಬೆಯ ಮೈಮೇಲೆ ಬೆಳೆಯುವ ಲೋಳೆಯಿಂದ. ನೀರಿನಲ್ಲಿ ವಾರಗಟ್ಟಲೆ ಬಿದ್ದ ಬಿದಿರನ್ನು ಮುಟ್ಟಿ ನೋಡಿದ್ದೀಯಾ? ಜಾರುತ್ತದೆ. ಆ ಜಾರುವುದೇ ಊಟ. ಪಾಚಿ, ಕಣ್ಣಿಗೆ ಕಾಣದ ಜೀವಾಣು, ಸಣ್ಣ ಹುಳು, ಎಲ್ಲ ಸೇರಿ ಒಂದು ಪದರ ಕಟ್ಟುತ್ತದೆ. ರೋಹು ಅದನ್ನು ತುಟಿಯಲ್ಲಿ ಕೆರೆದು ತಿನ್ನುತ್ತದೆ. ನೀರಿನಲ್ಲಿ ತೇಲುವ ಪಾಚಿಯನ್ನು ಸೋಸಿ ತಿನ್ನುವುದಕ್ಕಿಂತ ಅದಕ್ಕೆ ಇದು ಸುಲಭ. ಕಾಟ್ಲಾ ಮೇಲಿನ ನೀರಿನದ್ದು, ಅದಕ್ಕೆ ಇದರಿಂದ ದೊಡ್ಡ ಪ್ರಯೋಜನ ಇಲ್ಲ. ಮೃಗಾಲ್ ತಳದಲ್ಲಿ ಕೆದಕುವ ಜಾತಿ.

ಅಳಿಯ: ಇದನ್ನೆಲ್ಲ ಯಾರು ನೋಡಿದ್ದು?

ಮಾವ: ದೂರದವರಲ್ಲ, ನಮ್ಮ ಮಂಗಳೂರಿನವರೇ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೆಯದು. ಅಲ್ಲಿ ಪಿ. ಕೇಶವನಾಥ್ ಅಂತ ಪ್ರೊಫೆಸರರು ಇದ್ದರು. ಅವರು ಮತ್ತು ಅವರ ಸಂಗಡಿಗರು ಕೊಳದಲ್ಲಿ ಬಿದಿರಿನ ಗಳ ನೆಟ್ಟು ನೋಡಿದರು, ಪಿವಿಸಿ ಪೈಪು ನಿಲ್ಲಿಸಿ ನೋಡಿದರು, ಕಬ್ಬಿನ ಸಿಪ್ಪೆಯ ಕಟ್ಟು ಇಳಿಸಿ ನೋಡಿದರು. ಬೈಹುಲ್ಲು, ಒಣಗಿದ ಅಂತರಗಂಗೆ ಸಹ. 2002ರಲ್ಲಿ ಅವರು ಬರೆದದ್ದು ನಮ್ಮದೇ ಹೊಳೆಗಳ ಮಹಶೀರ್ ಮತ್ತು ಇನ್ನೊಂದು ನಾಡಗೆಂಡೆಯ ಮೇಲೆ. ಬಿದಿರು ಇದ್ದ ಕೊಳದಲ್ಲಿ ಮೀನು ಹೆಚ್ಚು ಬೆಳೆಯಿತು. ಬಿದಿರು ಮತ್ತು ತಿನಿಸು ಎರಡೂ ಇದ್ದ ಕೊಳದಲ್ಲಿ ಇನ್ನೂ ಚಂದ ಬೆಳೆಯಿತು. ಇಷ್ಟು ಒಳ್ಳೆಯ ಕೆಲಸ ನಮ್ಮ ಮನೆ ಬಾಗಿಲಲ್ಲೇ ಆದದ್ದು ನಮ್ಮ ತೋಟದವರಿಗೆ ಗೊತ್ತೇ ಇಲ್ಲ. ನೀನು ಅಮೆರಿಕದ ಕ್ರಿಸ್‌ಮಸ್ ಮರದ ಕಥೆ ಹೇಳುತ್ತೀ.

ಅಳಿಯ: ಸರಿ ಸರಿ. ಬಿದಿರು ನೆಡುತ್ತೇನೆ. ಆದರೆ ಕಲ್ಲಿನ ತಳದಲ್ಲಿ ಗಳ ನೆಡುವುದು ಹೇಗೆ? ಹಾರೆಯೂ ಇಳಿಯುವುದಿಲ್ಲ.

ಮಾವ: ಅದಕ್ಕೇ ನಿನ್ನ ಬಕೆಟು. ಅದು ಒಳ್ಳೆಯ ಉಪಾಯ, ನಾನು ಬೇಡ ಅನ್ನುವುದಿಲ್ಲ. ಆದರೆ ಪೈಪಿನ ಬದಲು ಅಡಿಕೆ ಸಲಾಕೆ ಹಾಕು. ಬಿದ್ದ ಅಡಿಕೆ ಮರ ಎಲ್ಲರ ತೋಟದಲ್ಲೂ ಉಂಟು, ಕೇಳಿದರೆ ಹೊತ್ತುಕೊಂಡು ಹೋಗು ಅನ್ನುತ್ತಾರೆ. ನಾಲ್ಕಡಿ, ಐದಡಿ ತುಂಡು ಮಾಡು, ಸೀಳು, ಒಳಗಿನ ತಿರುಳು ಕೆತ್ತಿ ತೆಗೆ. ತಿರುಳು ಬೇಗ ಕೊಳೆಯುತ್ತದೆ, ಹೊರಗಿನದ್ದು ಮಾತ್ರ ಬಾಳುತ್ತದೆ. ಪೇಂಟಿನ ಹಳೆ ಬಕೆಟು ಬೇಡ. ಎಷ್ಟು ತೊಳೆದರೂ ಪೇಂಟು ಪೇಂಟೇ. ತುಪ್ಪದ ಡಬ್ಬಿಯೋ ಒಡೆದ ಕೊಡಪಾನವೋ ತಕ್ಕೋ. ಸಲಾಕೆಗಳ ಬುಡ ಅದರೊಳಗೆ ನಿಲ್ಲಿಸಿ, ತುದಿ ಸುತ್ತಲೂ ಹರಡಿಕೊಳ್ಳುವ ಹಾಗೆ ಬಗ್ಗಿಸಿ, ನಡುವೆ ಸಿಮೆಂಟು ಜಲ್ಲಿ ತುಂಬು. ಹಿಡಿಸೂಡಿಯನ್ನು ತಲೆಕೆಳಗೆ ನಿಲ್ಲಿಸಿದ ಹಾಗೆ ಕಾಣಬೇಕು. ಒಂದು ಚೀಲ ಸಿಮೆಂಟು ನಾನೂರು ರೂಪಾಯಿಯ ಆಸುಪಾಸು. ಅದರಲ್ಲಿ ಇಂಥದ್ದು ಎಷ್ಟೋ ಆಗುತ್ತದೆ.

ಅಳಿಯ: ಮರುದಿನವೇ ಇಳಿಸಬಹುದಾ?

ಮಾವ: ಕೂಡದು. ಹಸಿ ಸಿಮೆಂಟಿನಿಂದ ಸುಣ್ಣದ ಖಾರ ಬಿಡುತ್ತದೆ. ನಿನ್ನ ನೀರಿಗೆ ಸುಣ್ಣ ಬೇಕು ನಿಜ, ಆದರೆ ಹೀಗೆ ಒಂದೇ ಸಲ ಅಲ್ಲ. ಹದಿನೈದು ದಿನವಾದರೂ ಬೇರೆ ನೀರಿನಲ್ಲಿ ಮುಳುಗಿಸಿ ಇಡು, ನಡುವೆ ಎರಡು ಮೂರು ಸಲ ನೀರು ಬದಲಿಸು. ಸಿಮೆಂಟಿಗೆ ಕ್ಯೂರಿಂಗೂ ಆಯಿತು. ಇಲ್ಲದಿದ್ದರೆ ಸಿಮೆಂಟೇ ಬೇಡ. ನಿನ್ನ ಕೋರೆಯ ಸುತ್ತ ಒಡೆದ ಕಲ್ಲು ರಾಶಿ ಬಿದ್ದಿರಬೇಕಲ್ಲ?

ಅಳಿಯ: ಲೋಡುಗಟ್ಟಲೆ ಉಂಟು. ಮೂಲೆ ಹೋದದ್ದು, ಬಿರುಕು ಬಿಟ್ಟದ್ದು, ಯಾರೂ ಒಯ್ಯುವುದಿಲ್ಲ.

ಮಾವ: ಅದಕ್ಕಿಂತ ಒಳ್ಳೆಯದು ಬೇರೆ ಬೇಕಾ? ಮುರಕಲ್ಲಿಗೆ ಪಿಕ್ಕಾಸಿಯಲ್ಲಿ ನಾಲ್ಕು ಏಟು ಕೊಟ್ಟರೆ ತೂತು ಬೀಳುತ್ತದೆ. ತೂತಿಗೆ ಸಲಾಕೆ ಸಿಕ್ಕಿಸಿ, ತೆಂಗಿನ ನಾರು ಒತ್ತಿ ಬಿಗಿ ಮಾಡು. ಕೆಳಗಿನ ಸಾಲಿನಲ್ಲಿ ಕಲ್ಲುಗಳನ್ನು ಒಂದಕ್ಕೊಂದು ತಾಗದ ಹಾಗೆ, ನಡುವೆ ಕೈ ಹೋಗುವಷ್ಟು ಸಂದು ಬಿಟ್ಟು ಜೋಡಿಸು. ಮೇಲಿನ ಸಾಲು ಅಡ್ಡಕ್ಕೆ. ಮೂರು ಸಾಲು ಸಾಕು. ಸಣ್ಣ ಸಂದಿನಲ್ಲಿ ಮರಿ, ದೊಡ್ಡ ಸಂದಿನಲ್ಲಿ ದೊಡ್ಡದು. ಮುರಕಲ್ಲಿನ ಮೈಯಲ್ಲಿರುವ ತೂತುಗಳಲ್ಲಿ ಲೋಳೆ ಚೆನ್ನಾಗಿ ಹಿಡಿಯುತ್ತದೆ. ಕಲ್ಲು ತೇಲಿ ಹೋಗುವುದಿಲ್ಲ, ಕೊಳೆಯುವುದೂ ಇಲ್ಲ.

ಅಳಿಯ: ಕೇರಳದವರು ಕರಿಮೀನಿಗೆ ಹೀಗೆ ಕಲ್ಲು ಇಡುತ್ತಾರಂತೆ?

ಮಾವ: ಹೌದು. ಅದು ಮೊಟ್ಟೆಯನ್ನು ಗಟ್ಟಿ ಮೈಗೆ ಅಂಟಿಸುವ ಮೀನು. ಕಲ್ಲು, ತೆಂಗಿನ ಮಡಲಿನ ಬುಡ, ಸಿಪ್ಪೆ, ಯಾವುದಾದರೂ ಆಗುತ್ತದೆ. ಮೊಟ್ಟೆ ಒಡೆಯುವ ತನಕ ಗಂಡು ಹೆಣ್ಣು ಎರಡೂ ಕಾವಲು ಕೂರುತ್ತವೆ. 2010ರಲ್ಲಿ ಕೇರಳ ಅದನ್ನು ರಾಜ್ಯದ ಮೀನು ಅಂತ ಮಾಡಿಕೊಂಡಿತು. ನಮ್ಮ ಅಳಿವೆಯ ಹಿನ್ನೀರಿನಲ್ಲೂ ಉಂಟು, ಸಿಹಿನೀರಿಗೂ ಒಗ್ಗುತ್ತದೆ. ಅಂಥ ಮೀನು ಇದ್ದರೆ ನೀನು ಇಡುವ ಕಲ್ಲಿನಿಂದ ನಿಜವಾಗಿಯೂ ಸಂತತಿ ಹೆಚ್ಚುತ್ತದೆ. ಕಾಟ್ಲಾ ರೋಹುವಿಗೆ ಆ ಆಸೆ ಬೇಡ. ಅವು ನಿಂತ ನೀರಿನಲ್ಲಿ ಮೊಟ್ಟೆ ಇಡುವುದೇ ಇಲ್ಲ. ನೀನು ಅರಮನೆ ಕಟ್ಟಿಕೊಟ್ಟರೂ ಪ್ರತಿಸಲ ಮರಿ ತಂದೇ ಬಿಡಬೇಕು.

ಅತ್ತೆ (ಒಳಗಿನಿಂದ): ರೋಹು ತಂದರೆ ನನ್ನ ಅಡಿಗೆಮನೆಗೆ ಬೇಡ. ಮಣ್ಣಿನ ವಾಸನೆ.

ಮಾವ: ಅದು ಮೀನಿನ ತಪ್ಪಲ್ಲ, ನೀರಿನದ್ದು. ನೀಲಿ ಪಾಚಿ ಹೆಚ್ಚಾದ ಕೆರೆಯ ಮೀನು ಹಾಗೆ. ಹಿಡಿದು ಕೆಲವು ದಿನ ಶುದ್ಧ ನೀರಿನ ತೊಟ್ಟಿಯಲ್ಲಿ ಬಿಟ್ಟರೆ ವಾಸನೆ ಹೋಗುತ್ತದೆ.

ಅತ್ತೆ: ಹುಳಿ ಹಾಕಿ ತೊಳೆದರೂ ಹೋಗುತ್ತದೆ. ತೊಳೆಯುವುದು ಯಾರು ಅಂತ ಪ್ರಶ್ನೆ.

ಅಳಿಯ: ನಾನೇ ತೊಳೆದು ತರುತ್ತೇನೆ ಅತ್ತೆ. ಮಾವ, ಅಡಿಕೆ ಸಲಾಕೆ ಆಯಿತು, ಕಲ್ಲು ಆಯಿತು. ಸುಮ್ಮನೆ ಒಂದಷ್ಟು ಗೆಲ್ಲು ಕಡಿದು ಕಟ್ಟಿ ಹಾಕಿದರೆ? ಗುಡ್ಡದಲ್ಲಿ ಬೇಕಾದಷ್ಟು ಉಂಟು.

ಮಾವ: ಇಲ್ಲಿ ಜಾಗ್ರತೆ ಬೇಕು. ಗುಡ್ಡದಲ್ಲಿ ಇರುವುದೆಲ್ಲ ನೀರಿಗೆ ಆಗುವುದಿಲ್ಲ. ಕಾರೆಕಾಯಿಯನ್ನು ಜಜ್ಜಿ ಹೊಳೆಗೆ ಹಾಕಿ ಮೀನು ಹಿಡಿಯುತ್ತಿದ್ದದ್ದು ಹಿಂದಿನವರಿಗೆಲ್ಲ ಗೊತ್ತು. ಅದು ಮೀನಿಗೆ ವಿಷ. ಕಳ್ಳಿಯ ಹಾಲೂ ಹಾಗೇ. ಕಾಸರಕ ಬೇಡ. ಚೇರೆ ಮರ ಮುಟ್ಟಿದರೆ ನಿನಗೇ ಮೈಯೆಲ್ಲ ಬೊಕ್ಕೆ. ಗೇರು, ಮಾವು, ನೇರಳೆಯ ಒಣಗಿದ ಗೆಲ್ಲು ಸಾಕು. ಒಣಗಿದ್ದು ಅಂದರೆ ಎಲೆ ಪೂರ್ತಿ ಉದುರಿದ್ದು. ಹಸಿ ಸೊಪ್ಪಿನ ಸಮೇತ ಮುಳುಗಿಸಿದರೆ ಅದು ಕೊಳೆಯುವಾಗ ನೀರಿನ ಪ್ರಾಣವಾಯುವನ್ನೆಲ್ಲ ಎಳೆದುಕೊಳ್ಳುತ್ತದೆ. ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಸಣ್ಣ ಹೊಂಡದಲ್ಲಿ ಒಂದು ರಾತ್ರಿ ಸಾಕು.

ಅಳಿಯ: ಅಡಿಕೆ ಸೋಗೆ, ಹಾಳೆ? ಅದು ಇನ್ನೂ ಸುಲಭ.

ಮಾವ: ಅದನ್ನು ಮಾತ್ರ ಹಾಕಬೇಡ. ಕೊಳೆರೋಗಕ್ಕೆ ಮದ್ದು ಬಿಡುವುದಿಲ್ಲವಾ ನಾವು? ಬೋರ್ಡೋ ಅಂದರೆ ಎಂತ, ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮಳೆಗಾಲ ಹಿಡಿಯುವ ಮೊದಲು ಒಂದು ಸಲ, ಮತ್ತೆ ನಲ್ವತ್ತು ದಿನ ಕಳೆದು ಇನ್ನೊಂದು ಸಲ. ಸೋಗೆ ಮೇಲೆ, ಹಾಳೆ ಮೇಲೆ, ಎಲ್ಲದರ ಮೇಲೂ ಆ ನೀಲಿ ಕೂತಿರುತ್ತದೆ. ಅದು ತಾಮ್ರ. ಮನುಷ್ಯನಿಗೆ ಅಷ್ಟು ಬೇಗ ಏನೂ ಆಗುವುದಿಲ್ಲ, ಮೀನಿಗೆ ಆಗುತ್ತದೆ. ನಮ್ಮ ಕಡೆಯ ಹಾಗೆ ಮೆದು ನೀರು, ಹುಳಿ ನೀರು ಆದರೆ ತಾಮ್ರದ ವಿಷ ಇನ್ನೂ ಜೋರು. ಮಳೆಗೆ ತೋಟದ ನೀರೆಲ್ಲ ಇಳಿದು ಕೆರೆಗೆ ಬರುವ ಹಾಗಿದ್ದರೆ ಆ ಕಣಿಯನ್ನೇ ಮೊದಲು ತಿರುಗಿಸಬೇಕು. ಸಲಾಕೆಯನ್ನು ಕೂಡ ಹೊರಗಿನ ತೊಗಟೆ ಹೆರೆದು, ನಾಲ್ಕು ಮಳೆಗೆ ನೆನೆಸಿ ಮತ್ತೆ ಉಪಯೋಗಿಸು. ಜಾಲಿನಲ್ಲಿ ಬಿಸಾಡಿದ ಹಳೇ ಸ್ಪ್ರಿಂಕ್ಲರ್ ಪೈಪು ಇದ್ದರೆ ಹಾಕಬಹುದು, ಆದರೆ ನನಗೆ ಮನಸ್ಸಿಲ್ಲ. ನುಣುಪು ಮೈ, ಲೋಳೆ ನಿಧಾನ ಹಿಡಿಯುತ್ತದೆ. ಮತ್ತೆ ಅದನ್ನು ಒಂದು ದಿನ ಯಾರು ತೆಗೆಯುವುದು?

(ಇಲ್ಲಿ ಒಂದು ಮಾತು ನಾನೇ ಸೇರಿಸುತ್ತೇನೆ. ಮೀನು ಸಾಕುವ ಪುಸ್ತಕಗಳಲ್ಲಿ ಬೋರ್ಡೋ ಇರುವುದಿಲ್ಲ, ಅಡಿಕೆಯ ಪುಸ್ತಕಗಳಲ್ಲಿ ಮೀನು ಇರುವುದಿಲ್ಲ. ಎರಡನ್ನೂ ಒಂದೇ ಜಾಗದಲ್ಲಿ ಮಾಡುವ ನಮ್ಮ ಕೃಷಿಕರು ಈ ಎರಡು ಪುಸ್ತಕಗಳ ನಡುವೆ ಬಿದ್ದಿದ್ದಾರೆ.)

ಅಳಿಯ: ಇಳಿಸುವುದು ಯಾವಾಗ? ಮುಳುಗು ಹಾಕಿ ಇಡಲಿಕ್ಕೆ ನನಗೆ ಧೈರ್ಯ ಇಲ್ಲ.

ಮಾವ: ಮುಳುಗುವುದೇ ಬೇಡ. ಕಲ್ಲಿನ ಕೋರೆಯಲ್ಲಿ ಈಜು ಬರುವವರೂ ಹೋದದ್ದುಂಟು, ನೆಟ್ಟಗಿನ ಗೋಡೆಗೆ ಹತ್ತಲಿಕ್ಕೆ ಹಿಡಿತ ಇಲ್ಲ. ಮೊದಲು ಸುತ್ತ ಬೇಲಿ ಹಾಕು, ಒಂದು ಮೂಲೆಯಲ್ಲಿ ಗಂಟು ಹಾಕಿದ ಹಗ್ಗ ಇಳಿಬಿಡು. ಮೀನಿನ ವಿಷಯ ಅದರ ನಂತರ. ಮೇ ತಿಂಗಳಲ್ಲಿ ನಿನ್ನ ಕೋರೆಯಲ್ಲಿ ನೀರು ಎಷ್ಟಿರುತ್ತದೆ?

ಅಳಿಯ: ಒಂದು ಬದಿಯಲ್ಲಿ ಪೂರ್ತಿ ಒಣಗುತ್ತದೆ. ಇನ್ನೊಂದು ಬದಿ ಗುಂಡಿ, ಅಲ್ಲಿ ಎದೆಮಟ್ಟ.

ಮಾವ: ಹಾಗಾದರೆ ಪತ್ತನಾಜೆಯ ಒಳಗೆ ಕೆಲಸ ಮುಗಿಸು. ಒಣಗಿದ ಬದಿಯಲ್ಲಿ ಆರಾಮವಾಗಿ ನಿಂತು ಕಲ್ಲು ಜೋಡಿಸು, ಸಲಾಕೆ ಸಿಕ್ಕಿಸು. ಜೂನಿನಲ್ಲಿ ಮಳೆ ತಾನೇ ತುಂಬಿಸುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಸುರಿಯುವ ಊರು ಇದು. ಆದರೆ ಪೂರ್ತಿ ಎತ್ತರದಲ್ಲಿ ಮಾಡಬೇಡ. ಮಾರ್ಚಿನಲ್ಲಿ ನೀರು ಇಳಿಯುವಾಗ ಸಲಾಕೆಯ ತುದಿ ಹೊರಗೆ ಬಂದರೆ ಅಲ್ಲಿಯ ಲೋಳೆ ಒಣಗಿ ಸಾಯುತ್ತದೆ, ಬಕನಿಗೂ ಮಿಂಚುಳ್ಳಿಗೂ ಕೂರಲಿಕ್ಕೆ ನೀನೇ ಪೀಠ ಹಾಕಿಕೊಟ್ಟ ಹಾಗಾಗುತ್ತದೆ. ತೀರಾ ಆಳಕ್ಕೂ ಬೇಡ, ಬಿಸಿಲು ಮುಟ್ಟದ ಕಡೆ ಪಾಚಿ ಹುಟ್ಟುವುದಿಲ್ಲ. ಒಂದಷ್ಟು ಆಳಕ್ಕೆ, ಒಂದಷ್ಟು ಮೇಲಕ್ಕೆ, ಮೆಟ್ಟಿಲಿನಂತೆ ಇಡು. ನೀರು ಇಳಿದ ಹಾಗೆ ಮೀನೂ ಕೆಳಗಿನದ್ದಕ್ಕೆ ಇಳಿಯಲಿ. ಮತ್ತೆ ಒಂದು ಬದಿ ಪೂರ್ತಿ ಖಾಲಿ ಬಿಡು. ಎಲ್ಲ ಕಡೆ ಕೊಂಬೆ ತುಂಬಿಸಿದರೆ ನಾಳೆ ಬಲೆ ಎಳೆಯುವುದು ಎಲ್ಲಿ?

ಅಳಿಯ: ನನಗೆ ಗಾಳ ಸಾಕು. ಬಲೆಯವರು ರಾತ್ರಿ ಬಂದು ಬೀಸುತ್ತಾರೆ ಅಂತ ಅನುಮಾನ ಉಂಟು.

ಮಾವ: ಅದಕ್ಕೂ ಇದು ಮದ್ದೇ. ಬಾಂಗ್ಲಾದೇಶದಲ್ಲಿ ಮನೆಯ ಹಿಂದಿನ ಕೊಳಗಳಿಗೆ ಗೆಲ್ಲು ಹಾಕಿ ಇಡುವುದು ಕಳ್ಳರ ಬಲೆ ಸಿಕ್ಕಿಹಾಕಿಕೊಳ್ಳಲಿ ಅಂತಲೇ. ಗೆಲ್ಲಿನ ಮೇಲೆ ರೋಹು ಮೇಯುವುದನ್ನು ಕಂಡು ಇದರಿಂದ ಬೆಳೆಯೂ ಹೆಚ್ಚುತ್ತದಾ ಅಂತ ವಿಜ್ಞಾನಿಗಳು ಅಲ್ಲಿಯೂ ಲೆಕ್ಕ ಹಾಕಿದರು. ರಾತ್ರಿ ಬಂದವನ ಬೀಸುಬಲೆ ಒಂದು ಸಲ ಅಡಿಕೆ ಸಲಾಕೆಗೆ ಸಿಕ್ಕಿ ಹರಿದರೆ ಮತ್ತೆ ಆ ದಿಕ್ಕಿಗೆ ಬರಲಿಕ್ಕಿಲ್ಲ.

ಅಳಿಯ: ಇಷ್ಟೆಲ್ಲ ಒಳ್ಳೆಯದೇ ಆದರೆ ಆರಂಭದಲ್ಲಿ ನೀವು ಯಾಕೆ ಸೇರುವುದು ಬೇರೆ, ಬೆಳೆಯುವುದು ಬೇರೆ ಅಂತ ರಾಗ ಎಳೆದದ್ದು?

ಮಾವ: ಯಾಕೆಂದರೆ ನಿನ್ನ ಕೋರೆಯಲ್ಲಿ ಮೀನು ನಿನ್ನದು. ನೀನು ಮರಿ ಬಿಟ್ಟೆ, ನೀನು ಹಿಡಿಯುತ್ತೀ. ಸೇರಿದರೂ ಬೆಳೆದರೂ ಲೆಕ್ಕ ನಿನ್ನದೇ. ಎಲ್ಲರ ನೀರಿನಲ್ಲಿ ಹಾಗಲ್ಲ. ಹತ್ತು ಎಕರೆಯಲ್ಲಿ ಹರಡಿಕೊಂಡಿದ್ದ ಮೀನನ್ನು ಒಂದು ಸೆಂಟ್ಸಿಗೆ ತಂದು ನಿಲ್ಲಿಸಿ, ಅಲ್ಲೇ ಬಲೆ ಬೀಸಿದರೆ ಕೆರೆಯಲ್ಲಿ ಮೀನು ಹೆಚ್ಚಾಯಿತು ಅನ್ನಲಿಕ್ಕೆ ಆಗುತ್ತದಾ? ಹಿಡಿಯುವುದು ಸುಲಭ ಆಯಿತು ಅಷ್ಟೇ. ಕೇರಳದ ಹಿನ್ನೀರಿನಲ್ಲಿ ಪಡಲ್ ಅಂತ ಮಾಡುತ್ತಾರೆ. ಗೇರು, ಮಾವಿನ ಗೆಲ್ಲು ಗುಪ್ಪೆ ಹಾಕಿ ತಿಂಗಳುಗಟ್ಟಲೆ ಬಿಡುವುದು, ಮತ್ತೆ ಸುತ್ತಲೂ ಬಲೆ ಕಟ್ಟಿ, ಗೆಲ್ಲು ತೆಗೆದು, ಒಳಗಿದ್ದದ್ದನ್ನೆಲ್ಲ ಬಾಚುವುದು. ಮರಿ ಕೂಡ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ ಅದಕ್ಕೆ ನಿಷೇಧ. ಪಶ್ಚಿಮ ಆಫ್ರಿಕದ ಬೆನಿನ್ ದೇಶದಲ್ಲಿ ಇದಕ್ಕೆ ಅಕಾಜ ಅನ್ನುತ್ತಾರೆ. ಅಲ್ಲಿ ಮೀನು ಚೆನ್ನಾಗಿ ಸಿಕ್ಕಿತು, ಆದರೆ ಗೆಲ್ಲಿಗಾಗಿ ದಡದ ಕಾಂಡ್ಲಾ ಕಾಡು ಬೋಳಾಯಿತು. ಮಣಿಪುರದ ಲೋಕ್ತಾಕ್ ಸರೋವರದಲ್ಲಿ ತೇಲುವ ಹುಲ್ಲಿನ ಹಾಸನ್ನು ಉಂಗುರ ಮಾಡಿ ಮೀನು ಸೇರಿಸುತ್ತಿದ್ದರು. ಅದು ಎಷ್ಟಾಯಿತೆಂದರೆ 2006ರಲ್ಲಿ ಸರೋವರ ಉಳಿಸಲಿಕ್ಕೆ ಕಾಯ್ದೆಯೇ ಬೇಕಾಯಿತು.

ಅಳಿಯ: ನಮ್ಮಲ್ಲಿ ಹಾಗೆ ಆದದ್ದು ಉಂಟಾ?

ಮಾವ: ಕೆರೆಯಲ್ಲಿ ಅಲ್ಲ, ಸಮುದ್ರದಲ್ಲಿ ಉಂಟು. ಕಪ್ಪೆ ಬೊಂಡಾಸ್ ಹಿಡಿಯಲಿಕ್ಕೆ ದಕ್ಷಿಣದಿಂದ ಬಂದ ಗಾಳದ ದೋಣಿಯವರು ಮಂಗಳೂರು, ಮಲ್ಪೆಯ ಹೊರಗೆ ತೆಂಗಿನ ಖಾಲಿ ಗೊನೆಗಳನ್ನು ಕಟ್ಟು ಕಟ್ಟಿ, ಮರಳು ಚೀಲದ ಭಾರ ಹಾಕಿ ಮುಳುಗಿಸಿದರು. ತೆಂಗಿನ ಗೊನೆ ಅಂದರೆ ಪುಕ್ಕಟೆ ಮಾಲು. ಬೊಂಡಾಸ್ ಅದರ ಕಡ್ಡಿಗಳಿಗೆ ಮೊಟ್ಟೆ ಅಂಟಿಸಲಿಕ್ಕೆ ಬರುತ್ತದೆ. ಬಂದದ್ದನ್ನು ಅಲ್ಲೇ ಹಿಡಿದರು. ಅಂದರೆ ಮೊಟ್ಟೆ ಇಡಲಿಕ್ಕೆ ಬಂದ ತಾಯಿಯನ್ನೇ ಹಿಡಿದದ್ದು. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರಿನ ವಿಜ್ಞಾನಿಗಳು ಅದನ್ನು ನೋಡಿ ಬರೆದಿದ್ದಾರೆ. ನಮ್ಮ ಟ್ರಾಲ್ ದೋಣಿಗಳ ಬಲೆಗೂ ಆ ಕಟ್ಟುಗಳು ಸಿಕ್ಕಿ ಜಗಳ ಆಯಿತು. ಅದೇ ಸಂಸ್ಥೆಯವರು ಸಿಮೆಂಟಿನ ತ್ರಿಕೋನ, ಬಾವಿ ರಿಂಗಿನಂಥ ಅಚ್ಚು ಮಾಡಿ ಸಮುದ್ರದ ತಳಕ್ಕೆ ಇಳಿಸುವ ಕೃತಕ ಬಂಡೆಯ ಕೆಲಸವನ್ನೂ ಮಾಡುತ್ತಾರೆ. ಅಲ್ಲಿ ಬಲೆ ಎಳೆಯಲಿಕ್ಕೆ ಆಗುವುದಿಲ್ಲ, ಗಾಳ ಮಾತ್ರ. ವಸ್ತು ಒಂದೇ ಮಾರಾಯ, ನೀರಿಗೆ ಇಳಿಸಿದ ಅಡ್ಡಗಟ್ಟು. ಅದರ ಪಕ್ಕ ಯಾರು, ಯಾವಾಗ, ಯಾವುದರಲ್ಲಿ ಹಿಡಿಯುತ್ತಾರೆ ಅನ್ನುವುದರಲ್ಲಿ ಎಲ್ಲ ಉಂಟು.

ಅಳಿಯ: ಈಗ ನಾನು ಹೇಳಲಿಕ್ಕೆ ಹೆದರುತ್ತಿದ್ದ ವಿಷಯಕ್ಕೆ ಬಂದಿರಿ. ಬಂಟ್ವಾಳದಲ್ಲಿ ನನ್ನ ಗೆಳೆಯನೊಬ್ಬನ ಜಾಗ ನೇತ್ರಾವತಿಯ ದಡಕ್ಕೆ ತಾಗಿಕೊಂಡೇ ಉಂಟು. ಅವನ ಹತ್ತಿರ ಲಾರಿಯ ಹಳೆ ಟಯರು ರಾಶಿ. ಅದನ್ನು ಕಟ್ಟಿ ತುಂಬೆ ಅಣೆಕಟ್ಟಿನ ಹಿನ್ನೀರಿಗೆ ಇಳಿಸಿದರೆ ಹೇಗೆ ಅಂತ ಕೇಳುತ್ತಾನೆ. ಟಯರು ಕೊಳೆಯುವುದಿಲ್ಲವಲ್ಲ.

ಮಾವ: ಟಯರಾ! ಅಮೆರಿಕದ ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಇದೇ ಬುದ್ಧಿ ಬಂದದ್ದು. ಸುಮಾರು ಇಪ್ಪತ್ತು ಲಕ್ಷ ಟಯರು ಸಮುದ್ರಕ್ಕೆ ಹಾಕಿದರು, ಮೀನಿಗೆ ಮನೆ ಅಂತ. ಕಟ್ಟಿದ ಪಟ್ಟಿ ತುಕ್ಕು ಹಿಡಿದು ಕಡಿಯಿತು, ಟಯರುಗಳು ಅಲೆಗೆ ಉರುಳಿ ಪಕ್ಕದ ಜೀವಂತ ಹವಳದ ಬಂಡೆಗೇ ಹೊಡೆದವು. ಹಾಕಿದವರ ಮಕ್ಕಳ ಕಾಲಕ್ಕೆ ಮುಳುಗುಗಾರರನ್ನು, ಸೇನೆಯವರನ್ನು ಇಳಿಸಿ ಒಂದೊಂದೇ ತೆಗೆಸಬೇಕಾಯಿತು. ಇನ್ನೂ ಮುಗಿದಿಲ್ಲ. ಅದು ಸಮುದ್ರದ ಕಥೆ. ನೇತ್ರಾವತಿ ಎಂಥ ಹೊಳೆ ಅಂತ ಬಂಟ್ವಾಳದವನಿಗೆ ನಾನು ಹೇಳಬೇಕಾ? 1923ರ ನೆರೆಯಲ್ಲಿ ಬಂಟ್ವಾಳ ಪೇಟೆ ಮುಳುಗಿದ್ದನ್ನು ಅವನ ಅಜ್ಜನ ಮನೆಯವರು ಹೇಳಿರಬೇಕು. ಅಷ್ಟು ಹಿಂದೆ ಬೇಡ, 2019ರ ಆಗಸ್ಟಿನಲ್ಲಿ ನಮ್ಮ ಚಾರ್ಮಾಡಿ, ದಿಡುಪೆ ಕಡೆ ಗುಡ್ಡ ಕುಸಿದು ಇಡೀ ಮರಗಳೇ ಹೊಳೆಯಲ್ಲಿ ಬಂದವು. ಕಿಂಡಿ ಅಣೆಕಟ್ಟುಗಳಲ್ಲಿ ದಿಮ್ಮಿಗಳು ಸಿಕ್ಕಿ, ನೀರು ಬದಿಯ ತೋಟ ಕೊಚ್ಚಿಕೊಂಡು ಹೋಯಿತು. ಆನೆಗಾತ್ರದ ಮರ ನಿಲ್ಲದ ಹೊಳೆಯಲ್ಲಿ ಅವನ ಟಯರಿನ ಕಟ್ಟು ನಿಲ್ಲುತ್ತದಾ? ಕಿಂಡಿಯಲ್ಲೋ ಪಂಪಿನ ಬಾಯಿಯಲ್ಲೋ ಹೋಗಿ ಕೂರುತ್ತದೆ.

ಅಳಿಯ: ಬಿದಿರಾದರೆ?

ಮಾವ: ಹೊಳೆಗೆ ಯಾವುದೂ ಬೇಡ. ಹೊಳೆಯ ಮೀನಿಗೆ ಬಂಡೆ ಉಂಟು, ಕಯ ಉಂಟು, ದಡದ ಮರದ ಬೇರು ಉಂಟು. ಶಿಶಿಲಕ್ಕೆ ಹೋದದ್ದು ನೆನಪುಂಟಾ? ಶಿಶಿಲೇಶ್ವರ ದೇವಸ್ಥಾನದ ಎದುರು ಕಪಿಲಾ ಹೊಳೆಯಲ್ಲಿ ಮಹಶೀರ್ ಎಷ್ಟಿದ್ದಾವೆ, ಮೆಟ್ಟಿಲಿನ ಹತ್ತಿರಕ್ಕೇ ಬಂದು ಅಕ್ಕಿ ತಿನ್ನುತ್ತವೆ. ಅಲ್ಲಿ ಯಾರು ಎಂತ ಕಟ್ಟಿ ಇಳಿಸಿದ್ದಾರೆ? ಒಂದು ಸಲಾಕೆಯೂ ಇಲ್ಲ. ಹಿಡಿಯಬಾರದು ಅನ್ನುವ ಕಟ್ಟು ಒಂದೇ ಇರುವುದು. ಅಂಥ ಜಾಗದಲ್ಲೂ 1996ರಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತವು, ಅದರ ನೆನಪಿಗೆ ಅಲ್ಲಿ ಸ್ಮಾರಕವೇ ಉಂಟು. ಮತ್ತೆ ಮೀನು ತುಂಬಿದ್ದು ಊರವರು ಕಾದದ್ದರಿಂದ.

ಅಳಿಯ: ನಮ್ಮ ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಅಂತ ಹೇಳುವುದುಂಟು. ಊರಿನ ಕೆರೆಗೆ ಮಾಡೋಣ ಅಂತ ಯುವಕ ಮಂಡಲದವರು ಮೊನ್ನೆ ಕೇಳಿದರು.

ಮಾವ: ಕೆರೆ ಯಾರದ್ದು ಅಂತ ಮೊದಲು ವಿಚಾರಿಸಲಿ. ಬಸದಿಗೋ ದೇವಸ್ಥಾನಕ್ಕೋ ಸೇರಿದ್ದಾದರೆ ಅಲ್ಲಿ ಮೀನು ಹಿಡಿಯುವ ಮಾತೇ ಎತ್ತುವುದು ಬೇಡ. ಪುರಸಭೆಯದ್ದಾದರೆ ಬರಹದಲ್ಲಿ ಒಪ್ಪಿಗೆ ತರಲಿ. ಮೀನು ಹಿಡಿಯುವ ಹಕ್ಕು ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆಯವನನ್ನೂ ಕೂರಿಸಿ ಮಾತಾಡಲಿ. ಮಕ್ಕಳು ಈಜುವ ಬದಿಗೆ ಒಂದು ಕಡ್ಡಿಯೂ ಬೇಡ, ಮುಳುಗಿದವನ ಕಾಲು ಸಿಕ್ಕಿಕೊಂಡರೆ ಗ್ರಹಚಾರ. ಮತ್ತೆ ಕೊಂಬೆ ಇಳಿಸಿದ ಸುತ್ತ ಬಲೆ ಬೀಸುವುದಿಲ್ಲ ಅಂತ ಬೋರ್ಡು ಹಾಕಿ, ಅದನ್ನು ಪಾಲಿಸುವ ತಾಕತ್ತು ಮಂಡಲಕ್ಕೆ ಇದ್ದರೆ ಮಾತ್ರ ಮಾಡಲಿ. ಆ ತಾಕತ್ತು ಇಲ್ಲದಿದ್ದರೆ ಕೆರೆಯ ದಡದಲ್ಲಿ ನಾಲ್ಕು ನೇರಳೆ ಗಿಡ ನೆಡಲಿ. ಹತ್ತು ವರ್ಷದಲ್ಲಿ ಗೆಲ್ಲು ತಾನೇ ನೀರಿಗೆ ಬಗ್ಗುತ್ತದೆ.

ಅಳಿಯ: ಉಬರ್ ಮೀನು ಹಿಡಿಯುವವರನ್ನು ಮೊದಲು ನಿಲ್ಲಿಸಬೇಕು ಅಂತ ಅವರಲ್ಲೊಬ್ಬ ಹೇಳಿದ.

ಮಾವ: ಸರಿಯಾಗಿ ಹೇಳಿದ್ದಾನೆ. ಮೊದಲ ಮಳೆಗೆ ಮುಗುಡು, ಕೊರವ ಎಲ್ಲ ತೋಡು ಹತ್ತಿ ಗದ್ದೆಗೆ ಬರುವುದು ಮೊಟ್ಟೆ ಇಡಲಿಕ್ಕೆ. ಆಗ ಕತ್ತಿ, ಲೈಟು ಹಿಡಿದುಕೊಂಡು ಹೋಗಿ ಕಡಿದು ತರುವುದು ನಮ್ಮ ಕಡೆ ಒಂದು ಗಮ್ಮತ್ತು. ನಾನೂ ಪ್ರಾಯದಲ್ಲಿ ಹೋದವನೇ. ಆದರೆ ಆಗ ಎಲ್ಲ ಕಡೆ ಗದ್ದೆ ಇತ್ತು, ಈಗ ಗದ್ದೆ ಎಲ್ಲಿ ಉಂಟು? ಇದ್ದ ಒಂದು ತೋಡಿನ ಬಾಯಲ್ಲೇ ನಾಲ್ಕು ಜನ ಕಾದು ನಿಂತರೆ ಒಂದೂ ಮೇಲೆ ಹತ್ತುವುದಿಲ್ಲ. ಕೆರೆಯ ಅಡಿಯಲ್ಲಿ ನೂರು ಹಿಡಿಸೂಡಿ ನಿಲ್ಲಿಸುವ ಮೊದಲು ಕೆರೆಯಿಂದ ಗದ್ದೆಗೆ ಹೋಗುವ ಒಂದು ತೋಡು ಬಿಡಿಸಿಕೊಟ್ಟರೆ ನಾಡಮೀನಿಗೆ ಅದೇ ದೊಡ್ಡ ಉಪಕಾರ. ಮತ್ತೆ ಆಫ್ರಿಕನ್ ಮುಗುಡು ತಂದು ಬಿಡುವ ಆಲೋಚನೆ ಯಾರಿಗಾದರೂ ಇದ್ದರೆ ಅದನ್ನು ಇಲ್ಲೇ ಬಿಡಲಿ. ಅದು ಸಾಕುವುದಕ್ಕೆ ನಿಷೇಧ ಉಂಟು, ಬಿಟ್ಟರೆ ಉಳಿದ ಮೀನನ್ನೆಲ್ಲ ತಿಂದು ಮುಗಿಸುತ್ತದೆ.

ಅಳಿಯ: ಹಾಗಾದರೆ ಬಂಟ್ವಾಳದ ಗೆಳೆಯನಿಗೆ ನಾನು ಎಂತ ಹೇಳಲಿ?

ಮಾವ: ಅವನ ತೋಟದಲ್ಲಿ ಕೆರೆ ಇದ್ದರೆ ಅದಕ್ಕೆ ಅಡಿಕೆ ಸಲಾಕೆ ಇಳಿಸಲಿ, ಪತ್ತನಾಜೆಯ ಒಳಗೆ. ನಾನೇ ಬಂದು ತೋರಿಸಿಕೊಡುತ್ತೇನೆ, ಮಧ್ಯಾಹ್ನ ಊಟ ಹಾಕಿದರೆ ಸಾಕು. ಟಯರನ್ನು ಗುಜರಿಗೆ ಕೊಡಲಿ. ತುಂಬೆಯ ನೀರಿಗೆ ಮಾತ್ರ ಒಂದು ಕಡ್ಡಿಯನ್ನೂ ಹಾಕಬಾರದು ಅಂತ ಹೇಳು. ಮಂಗಳೂರು ಪೇಟೆ ಕುಡಿಯುವುದು ಆ ನೀರನ್ನು.